ನಡುಮನೆಯ ಹಾಡು

ಜಗಳೂರು
12-6-1974

ಪ್ರೀತಿಯ ಕಸ್ತೂರಿ,

ನಾನು ಚೆನ್ನಾಗಿದ್ದೇನೆ ಎಂದು ಮೊದಲೇ ಬರೆದುಬಿಡುತ್ತೇನೆ. ಚನ್ನಗಿರಿಯ ತವರಿಗೂ ಹಾಗೇ ಬರೆದಿದ್ದೇನೆ. ಅಮ್ಮ ಕೇಳಿದರೆ ನೀನೂ ಅದನ್ನೇ ಹೇಳು. ಮನೆ ದೊಡ್ಡದು, ಮುಂದುಗಡೆ ಮಾವನವರ ಶೇಂಗಾ ವ್ಯಾಪಾರ, ಹಿಂದುಗಡೆ ನಾವು. ನೀರು ಉಪ್ಪು. ಇವರು ಮಾತು ಕಡಿಮೆ, ಕೆಟ್ಟವರಲ್ಲ. ಅತ್ತೆಗೆ ಮೊಣಕಾಲು ನೋವು. ನಾಲಿಗೆಗೆ ಯಾವ ನೋವೂ ಇಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮಪ್ಪ, ಅಂದರೆ ನಿನ್ನ ಘನವಾದ ದೊಡ್ಡಪ್ಪ, ಮಾಡಿದ ಕೆಲಸ ಈಗ ನನ್ನ ತಲೆಗೆ ಬಂದಿದೆ. ಇವರ ಕಡೆಯವರು ಹೆಣ್ಣು ನೋಡಲು ಬಂದ ದಿನ ಅಪ್ಪ ಪಡಸಾಲೆಯಲ್ಲಿ ಹೇಳಿದ್ದು ನಿನಗೆ ನೆನಪಿರಬೇಕು. "ಹುಡುಗಿ ಕಾಲೇಜಿನಾಗೆ ಸಂಗೀತ ಓದ್ಯಾಳೆ. ಆದ್ರೆ ಹಿರೇರ ಎದುರಿಗೆ ಕುಂತು ಹಾಡಾಕೆ ನಾಚ್ಕೆ. ನಡುಮನೆಯಾಗಿಂದ ಹಾಡ್ತಾಳೆ, ಕೇಳ್ರಿ." ಒಳಗೆ ನಾನು ಹಾರ್ಮೋನಿಯಂ ನುಡಿಸಿದೆ, ನೀನು ಹಾಡಿದೆ. ಹೊರಗೆ ಕೂತವರಿಗೆ ಎರಡೂ ನಾನೇ. ಆಮೇಲೆ ನಾವಿಬ್ಬರೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಅದೆಷ್ಟು ನಕ್ಕೆವು!

ಮಾವನವರು ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ. ಹಾಡು ಚೆನ್ನಾಗಿತ್ತು ಎನ್ನುವುದಕ್ಕಿಂತ ಒಳಗಿನಿಂದ ಹಾಡಿದೆ ಎನ್ನುವುದೇ ಅವರಿಗೆ ದೊಡ್ಡದು. "ಈಗಿನ ಹುಡುಗ್ಯಾರು ಮೈಕು ಕಂಡ್ರೆ ಸಾಕು ಅಂತಾರೆ. ನಮ್ಮ ಸೊಸೆ ಮುಖ ತೋರಿಸ್ದಂಗೆ ಹಾಡಿದ್ಲು. ಮನೆತನ ಅಂದ್ರೆ ಅದು," ಎಂದು ಮೊನ್ನೆ ಸೊಕ್ಕೆ ಊರಿನಿಂದ ಬಂದ ಬೀಗರಿಗೆ ಹೇಳುತ್ತಿದ್ದರು. ನನಗಾಗಿ ಹೊಸ ಹಾರ್ಮೋನಿಯಂ ತರಿಸಿದ್ದಾರೆ. ಶ್ರಾವಣ ಸೋಮವಾರ ಮಠದಲ್ಲಿ ವಚನ ಹಾಡಬೇಕಂತೆ. ಗಂಟಲು ಕೆಟ್ಟಿದೆ ಎಂದಿದ್ದೇನೆ. ಗಂಟಲು ಎಷ್ಟು ದಿನ ಕೆಟ್ಟಿರಲು ಸಾಧ್ಯ?

ನೀನು ಕಲಿಸಬೇಕು ಕಸ್ತೂರಿ. ಕಾಲೇಜಿನಲ್ಲಿ ಜೊತೆಗೆ ಓದುವಾಗ ಶಾಸ್ತ್ರದ ಪೇಪರಿನಲ್ಲಿ ನಿನಗಿಂತ ನನಗೇ ಹೆಚ್ಚು ಬಂದಿತ್ತು, ಮರೆಯಬೇಡ. ಪಿಯಾನೋ ಆಗಲಿ ಹಾರ್ಮೋನಿಯಂ ಆಗಲಿ ಕೈ ಓಡುತ್ತದೆ. ಬಾಯಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಪತ್ರದಲ್ಲೇ ಬರೆದು ಕಳಿಸು. ಯಾರ ಕೈಗೆ ಸಿಕ್ಕರೂ ಸರಿಗಮ ಅರ್ಥವಾಗುವುದಿಲ್ಲ.

ಚಿಕ್ಕಪ್ಪನಿಗೆ, ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಅಕ್ಕ,
ಪ್ರೇಮಾ


ನ್ಯಾಮತಿ
24-6-1974

ಪ್ರೇಮಕ್ಕ,

ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಗಂಟಲು ಕೆಟ್ಟಿದೆ ಎಂದು ಹೇಳುವ ಮೊದಲು ನನ್ನನ್ನೊಂದು ಮಾತು ಕೇಳಬಾರದಿತ್ತೇ? ನಾನಿಲ್ಲಿ ಗುಂಡುಕಲ್ಲಿನ ಹಾಗಿದ್ದೇನೆ, ನನ್ನ ಗಂಟಲಿಗೆ ಜಗಳೂರಿನಲ್ಲಿ ಕಾಯಿಲೆ!

ಅವತ್ತು ನಕ್ಕಿದ್ದು ನಿಜ. ಆದರೆ ಅವರೆಲ್ಲ ಎದ್ದು ಹೋದ ಮೇಲೆ ದೊಡ್ಡಪ್ಪ ಒಳಗೆ ಬಂದು ನಿನ್ನ ಬೆನ್ನು ತಟ್ಟಿ "ಗೆದ್ದೆ ಮಗಳೇ" ಎಂದರು. ನನ್ನ ಕಡೆ ತಿರುಗಿ "ಕಸ್ತೂರಿ, ಆ ಲೋಟ ಎಲ್ಲ ಎತ್ತಿಡವ್ವ" ಎಂದರು. ಆಗಲೂ ನಗುತ್ತಲೇ ಲೋಟ ಎತ್ತಿಟ್ಟೆ. ಇರಲಿ ಬಿಡು.

ಈಗ ಪಾಠ. ಹಾರ್ಮೋನಿಯಂನಲ್ಲಿ ಷಡ್ಜವನ್ನು ಒತ್ತಿ ಹಿಡಿದು 'ಆ' ಎನ್ನು. ನಿನ್ನ ದನಿ ಅದರೊಳಗೆ ಕಾಣೆಯಾಗಬೇಕು. ನಿನ್ನ ದನಿ ನಿನಗೆ ಬೇರೆಯಾಗಿ ಕೇಳಿಸುತ್ತಿದೆ ಎಂದರೆ ಇನ್ನೂ ಸೇರಿಲ್ಲ ಎಂದು ಅರ್ಥ. ಒಂದು ತಿಂಗಳು ಬೇರೆ ಏನೂ ಮಾಡಬೇಡ. ಹಾಡಿನ ಆಸೆಗೆ ಬೀಳಬೇಡ. ಕಾಲೇಜಿನ ಆ ಪಿಯಾನೋ ನೆನಪಿದೆಯಲ್ಲ, ದಾವಣಗೆರೆಯ ಯಾರೋ ಮಿಲ್ಲಿನ ಸಾಹುಕಾರರು ಮನೆಯಲ್ಲಿ ಜಾಗವಿಲ್ಲವೆಂದು ಕಾಲೇಜಿಗೆ ದಾನ ಮಾಡಿದ್ದು? ನೀನು ಅದರ ಮೇಲೆ ಎರಡೂ ಕೈ ಓಡಿಸುವಾಗ ಸಂಗೀತದ ಮೇಡಂ ಹೇಳುತ್ತಿದ್ದರು: "ಪ್ರೇಮಾ, ಬೆರಳಲ್ಲಿರುವ ಅವಸರ ಗಂಟಲಿಗೆ ತರಬೇಡ." ನೀನು ತಂದುಬಿಟ್ಟೆ.

ನನ್ನದೂ ಒಂದು ಸುದ್ದಿ. ಭದ್ರಾವತಿ ಆಕಾಶವಾಣಿಗೆ ಅರ್ಜಿ ಹಾಕಿದ್ದೇನೆ. ಧ್ವನಿಪರೀಕ್ಷೆಗೆ ಕರೆಯುತ್ತಾರಂತೆ. ಮೇಡಂ ಬರೆಸಿದರು. ಅಪ್ಪ ಒಪ್ಪಿದ್ದಾರೆ. ನಾಗರಾಜಪ್ಪ ಮಾಸ್ತರು ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಮೊದಲ ಸಲಕ್ಕೆ ಹೂಂ ಎಂದಿದ್ದು ಇದೊಂದಕ್ಕೇ. ಅಕ್ಕ, ನಿನಗೆ ಬಣ್ಣವಿದೆ, ತೋಟವಿದೆ, ಅಪ್ಪನ ಹೆಸರಿದೆ. ನನಗೆ ಇರುವುದು ಈ ಗಂಟಲೊಂದೇ. ರೇಡಿಯೋದಲ್ಲಿ ನನ್ನ ಹೆಸರು ಹೇಳಿ ಆಮೇಲೆ ನನ್ನ ಹಾಡು ಬರುವುದನ್ನು ನೆನೆದರೆ ಊಟ ಸೇರುವುದಿಲ್ಲ.

ನಿನ್ನ,
ಕಸ್ತೂರಿ


ಜಗಳೂರು
22-8-1974

ಪ್ರೀತಿಯ ಕಸ್ತೂರಿ,

ಶ್ರಾವಣ ಹೇಗೋ ಮುಗಿಯಿತು. ನನ್ನ ಗಂಟಲಿಗೆ ಆದ ಸೇವೆ ಯಾವ ಜಂಗಮರಿಗೂ ಆಗಿರಲಿಕ್ಕಿಲ್ಲ. ಮೆಣಸಿನ ಕಷಾಯ, ಹಿಪ್ಪಲಿ ಜೇನುತುಪ್ಪ, ಬಿಸಿ ಬೂದಿಯ ಶಾಖ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ "ಏನೂ ಇಲ್ಲ" ಎಂದರು. ಅತ್ತೆ ನನ್ನ ಮುಖವನ್ನೇ ನೋಡಿದರು. ಡಾಕ್ಟರ ಟಾರ್ಚಿಗಿಂತ ಅದಕ್ಕೇ ಹೆಚ್ಚು ಹೆದರಿದೆ.

ಷಡ್ಜ ಹಿಡಿಯುತ್ತಿದ್ದೇನೆ. ಕೆಲವು ಸಲ ಸೇರುತ್ತದೆ, ಸೇರಿತಲ್ಲ ಎಂದು ಖುಷಿಯಾದ ಕೂಡಲೇ ಬಿಟ್ಟುಹೋಗುತ್ತದೆ.

ಆದರೆ ಬರೆಯಲು ಕೂತಿದ್ದು ಇದಕ್ಕಲ್ಲ. ನಿನ್ನ ಭದ್ರಾವತಿ ವಿಚಾರ ಓದಿದ ದಿನದಿಂದ ನನಗೆ ನಿದ್ದೆ ಇಲ್ಲ. ನಮ್ಮ ಮನೆಯಲ್ಲಿ ಸಂಜೆಯಾದರೆ ಭದ್ರಾವತಿಯೇ. ಮಾವನವರು ವಾರ್ತೆ ಕೇಳುತ್ತಾರೆ, ರೈತರ ಕಾರ್ಯಕ್ರಮ ಕೇಳುತ್ತಾರೆ, ಭಕ್ತಿಗೀತೆ ಬಂತೆಂದರೆ ಅಂಗಡಿಯ ತಕ್ಕಡಿಯನ್ನೂ ನಿಲ್ಲಿಸುತ್ತಾರೆ. ಹೆಣ್ಣು ನೋಡಲು ಬಂದ ದಿನ ನೀನು ಹಾಡಿದ ಹಾಡನ್ನು, ನಮ್ಮ ಮೇಡಂ ಸ್ವರ ಹಾಕಿದ ಆ ಶಿವಸ್ತುತಿಯನ್ನು, ಅವರು ಈಗಲೂ ಸ್ನಾನ ಮಾಡುವಾಗ ಗುನುಗುತ್ತಾರೆ. ನಿನ್ನ ದನಿ ಒಂದೇ ಸಾಲು ಕಿವಿಗೆ ಬಿದ್ದರೂ ಅವರಿಗೆ ಗೊತ್ತಾಗುತ್ತದೆ. ಗೊತ್ತಾದ ದಿನ ನನ್ನ ಗತಿ ಏನು? ಮೋಸ ಮಾಡಿ ಮದುವೆ ಮಾಡಿದರು ಎನ್ನುತ್ತಾರೆ. ಎನ್ನಲಿ, ನಿಜವೇ ತಾನೆ. ಆದರೆ ಮನೆಯಿಂದ ಹೊರಗೆ ಹೋಗಬೇಕಾದವಳು ನಾನು.

ಧ್ವನಿಪರೀಕ್ಷೆಗೆ ಹೋಗಬೇಡ ಕಸ್ತೂರಿ. ಒಂದು ವರ್ಷ ಬಿಟ್ಟು ಹೋಗು. ನಾನು ಕಲಿಯುವ ತನಕ ತಡೆದುಕೋ.

ನಿನ್ನ ಅಕ್ಕ,
ಪ್ರೇಮಾ


ನ್ಯಾಮತಿ
3-9-1974

ಪ್ರೇಮಕ್ಕ,

ಹೋಗುತ್ತೇನೆ. ನವೆಂಬರಿನಲ್ಲಿ ಬರಬೇಕೆಂದು ಕಾಗದ ಬಂದಿದೆ.

ನಿನ್ನ ಸಂಸಾರ ಹಾಳಾಗಲಿ ಎಂದು ನಾನು ಬಯಸುವವಳಲ್ಲ, ಅದು ನಿನಗೂ ಗೊತ್ತು. ಆದರೆ ಒಂದು ಮಧ್ಯಾಹ್ನ ನಡುಮನೆಯಲ್ಲಿ ಕೂತು ಹಾಡಿದ್ದಕ್ಕೆ ಜೀವಮಾನವೆಲ್ಲ ಬಾಯಿ ಮುಚ್ಚಿಕೊಂಡಿರು ಎಂದರೆ ಅದು ಯಾವ ನ್ಯಾಯ? ಆವತ್ತು ನನ್ನನ್ನು ಯಾರೂ ಕೇಳಲಿಲ್ಲ. ನಾನು ನಿಮ್ಮ ಮನೆಗೆ ರಜಕ್ಕೆ ಬಂದವಳು. ದೊಡ್ಡಪ್ಪ ಹಾಡು ಎಂದರು, ಹಾಡಿದೆ. ದೊಡ್ಡಪ್ಪ ಬಾವಿಗೆ ಬೀಳು ಎಂದಿದ್ದರೆ ಯೋಚನೆ ಮಾಡುತ್ತಿದ್ದೆ. ಹಾಡುವುದರಲ್ಲಿ ಬೀಳುವಂಥದ್ದು ಏನಿದೆ ಎಂದುಕೊಂಡೆ.

ನಿಮ್ಮ ಮಾವನವರಿಗೆ ನೀನೇ ನಿಜ ಹೇಳಿಬಿಡು. ಮಠಕ್ಕೆ ಹೋಗುವವರು, ವಚನ ಕೇಳುವವರು. ಕ್ಷಮಿಸಬಹುದು. ಕ್ಷಮಿಸದಿದ್ದರೆ ಆ ವಚನಗಳನ್ನು ಅವರು ಕೇಳಿಯೇ ಇಲ್ಲ ಎಂದಾಯಿತು.

ಕಸ್ತೂರಿ


ಚನ್ನಗಿರಿ
14-10-1974

ಚಿರಂಜೀವಿ ಕಸ್ತೂರಿಗೆ ದೊಡ್ಡಮ್ಮ ದ್ಯಾಮಮ್ಮನ ಆಶೀರ್ವಾದ.

ನಂಗೆ ಬರೆಯಾಕೆ ಬರಲ್ಲ, ಪಕ್ಕದ ಮನೆ ಹನುಮಂತಮ್ಮನ ಕೈಲಿ ಬರೆಸ್ತಾ ಇದೀನಿ. ಅವಳು ಯಾರಿಗೂ ಹೇಳಲ್ಲ ಅಂತ ಲಿಂಗದ ಮೇಲೆ ಆಣೆ ಮಾಡ್ಯಾಳೆ.

ಪ್ರೇಮಾ ಬಸುರಿ ಅದಾಳೆ. ಮೂರು ತಿಂಗಳು. ತಿಂದಿದ್ದು ಒಂದೂ ಹೊಟ್ಟೇಲಿ ನಿಲ್ತಾ ಇಲ್ಲ. ರೇಡಿಯೋ ಹಾಕಿದ್ರೆ ಸಾಕು, ಮೈ ನಡುಗ್ತೈತೆ ಅಂತ ಬರೆದಾಳೆ. ಇಂಥಾ ಹೊತ್ನಾಗೆ ನೀನು ಭದ್ರಾವತಿಗೆ ಹೋಗ್ತೀನಿ ಅಂತ ಕುಂತೀಯಂತೆ. ಹಾಡು ಎಲ್ಲಿ ಹೋಗ್ತೈತವ್ವ, ನಿನ್ನ ಗಂಟಲಾಗೇ ಇರ್ತೈತೆ. ಗಂಡನ ಮನೆ ಹಂಗಲ್ಲ. ನಿಮ್ಮ ದೊಡ್ಡಪ್ಪಾರು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ನಿಮ್ಮಪ್ಪನ ತಾವ ಮಾತಾಡಾಕೆ ನ್ಯಾಮತಿಗೆ ಬರಾಕೆ ಬಸವಾಪಟ್ಟಣದ ಬಸ್ಸಿಗೆ ಹೊರಟು ನಿಂತಿದ್ರು. ನಾನೇ ತಡೆದೆ. ಅಣ್ಣ ತಮ್ಮ ಬಾಯಿ ಮಾಡ್ಕೊಂಡ್ರೆ ನಾಳೆ ಊರಿಗೇ ಗೊತ್ತಾಗ್ತೈತೆ.

ನಿನ್ನ ನಾನು ಬ್ಯಾರೆ ಅಂದ್ಕೊಂಡಿಲ್ಲ. ನಿನ್ನ ಕೈ ಹಿಡ್ಕೊಂಡು ಕೇಳ್ತಾ ಇದೀನಿ ಅಂದ್ಕೋ. ನಿನಗೂ ನಾಳೆ ಮದುವೆ ಆಗಬೇಕು, ಅದನ್ನೂ ನಾವೇ ನೋಡಬೇಕಲ್ಲ.

ಹೆಬ್ಬೆಟ್ಟು,
ದ್ಯಾಮಮ್ಮ


ನ್ಯಾಮತಿ
6-11-1974

ಪ್ರೇಮಕ್ಕ,

ನನಗೆ ಬರಲು ಆಗುವುದಿಲ್ಲ ಎಂದು ಆಕಾಶವಾಣಿಯವರಿಗೆ ಬರೆದು ಹಾಕಿದೆ. ಕಾರಣ ಏನೆಂದು ಬರೆಯಲಿ ಎಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಗಂಟಲು ಕೆಟ್ಟಿದೆ ಎಂದು ಬರೆದೆ. ನಿನ್ನಿಂದ ಕಲಿತದ್ದು ಇದೊಂದು.

ಅಪ್ಪನೇ ಅಂಚೆಚೀಟಿ ತಂದುಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಆರೋಗ್ಯ ನೋಡಿಕೋ. ನನಗೆ ಸ್ವಲ್ಪ ದಿನ ಬರೆಯಬೇಡ.

ಕಸ್ತೂರಿ


ಜಗಳೂರು
3-2-1977

ಪ್ರೀತಿಯ ಕಸ್ತೂರಿ,

ನಿನ್ನ ಮದುವೆಗೆ ಬರಲು ಆಗಲಿಲ್ಲ, ಎರಡನೆಯದಕ್ಕೆ ದಿನ ತುಂಬಿತ್ತು. ನೀನು ನೊಂದುಕೊಂಡಿರಬೇಕು, ಅಥವಾ ಸದ್ಯ ಬರಲಿಲ್ಲ ಎಂದುಕೊಂಡಿರಬೇಕು. ಯಾವುದೆಂದು ನಾನು ಕೇಳುವುದಿಲ್ಲ. ಹೊನ್ನಾಳಿ ಒಳ್ಳೆಯ ಊರು, ಹೊಳೆ ನೀರು. ನಿಮ್ಮವರ ಜವಳಿ ಅಂಗಡಿ ಬಸ್ ಸ್ಟ್ಯಾಂಡಿನ ಹತ್ತಿರವೇ ಅಂತ ಅಮ್ಮ ಹೇಳಿದಳು.

ಇಲ್ಲಿಯ ಸುದ್ದಿ ಕೇಳಿದರೆ ನಂಬುವುದಿಲ್ಲ. ನಾನು ಮಠದಲ್ಲಿ ಹಾಡಿದೆ! ದಾರಿ ತೋರಿಸಿದವರು ಅತ್ತೆ. ಮೊದಲ ಬಾಣಂತನ ಮುಗಿಸಿ ಬಂದ ಮೇಲೆ ಒಂದು ದಿನ ತೊಟ್ಟಿಲ ಹತ್ತಿರ ನಾನು ಹಾಡುವುದು ಅವರ ಕಿವಿಗೆ ಬಿತ್ತು. ತಟ್ಟನೆ ಹಾಡು ನಿಲ್ಲಿಸಿದೆ. ಅವರು ಮಾವನವರನ್ನು ಕರೆದು ಹೇಳಿದರು: "ಹೆರಿಗೆ ಆದ್ಮ್ಯಾಲೆ ಹೆಣ್ಣಿನ ದನಿ ಬದಲಾಗ್ತೈತ್ರಿ. ನಮ್ಮಕ್ಕಂಗೂ ಹಂಗೇ ಆತು." ಮಾವನವರು ತಲೆ ಆಡಿಸಿದರು. ಅತ್ತೆಗೆ ಎಲ್ಲ ಗೊತ್ತೋ, ಏನೂ ಗೊತ್ತಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತಿನಿಂದ ನನ್ನ ದನಿ ನನ್ನದೇ ಆಯಿತು. ಬದಲಾದ ದನಿ, ಅಷ್ಟೇ.

ನೀನು ಮೊದಲು ಹೇಳಿಕೊಟ್ಟ ಹಾಗೆಯೇ ದಿನವೂ ಷಡ್ಜ ಹಿಡಿದೆ. ಈಗ ಸೇರುತ್ತದೆ. ಸಣ್ಣಪುಟ್ಟ ವಚನ ಹೇಳುತ್ತೇನೆ. ಆದರೆ ಮಾವನವರಿಗೆ ಅವತ್ತಿನ ಹಾಡೇ ಬೇಕು. "ಅದೊಂದು ಯಾಕಮ್ಮ ಹೇಳವಲ್ಲಿ?" ಎನ್ನುತ್ತಾರೆ. ಅದು ಭೀಮಪಲಾಸ್ ರಾಗ, ವಾದಿ ಮಧ್ಯಮ, ಸಂವಾದಿ ಷಡ್ಜ, ಎಲ್ಲ ನನಗೆ ಬಾಯಿಪಾಠ. ಹಾರ್ಮೋನಿಯಂನಲ್ಲಿ ನುಡಿಸಿದರೆ ಸರಿಯಾಗಿ ಬರುತ್ತದೆ, ಬಾಯಲ್ಲಿ ಹೇಳಿದರೆ ಬೇರೆ ಏನೋ ಆಗುತ್ತದೆ. ಅದನ್ನೊಂದು ಬರೆದು ಕಳಿಸುತ್ತೀಯಾ? ಇದೇ ಕೊನೆ. ಇನ್ನೇನೂ ಕೇಳುವುದಿಲ್ಲ.

ನಿನ್ನ ಅಕ್ಕ,
ಪ್ರೇಮಾ


ಹೊನ್ನಾಳಿ
28-2-1977

ಪ್ರೇಮಕ್ಕ,

ನನ್ನನ್ನು ನೋಡಲು ಬಂದ ದಿನದ ಕಥೆ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಾನು ಹೇಳುತ್ತೇನೆ.

ನ್ಯಾಮತಿಯ ನಮ್ಮ ಮನೆಯಲ್ಲೇ ತೋರಿಸಿದ್ದು. ದೊಡ್ಡಪ್ಪ ಹಿರಿಯರಾಗಿ ಬಂದು ಪಡಸಾಲೆಯಲ್ಲಿ ಕೂತಿದ್ದರು. ಇವರ ತಂದೆ ಕೇಳಿದರು: "ಹುಡುಗಿ ಹಾಡ್ತಾಳೇನ್ರಿ?" ನಾನು ಬಾಗಿಲ ಹಿಂದೆ ನಿಂತಿದ್ದೆ. ಬಾಯಿ ತೆರೆದೆ ಎನ್ನು. ಅಪ್ಪನೂ ಬಾಯಿ ತೆರೆದರು. ಅಷ್ಟರಲ್ಲಿ ದೊಡ್ಡಪ್ಪ ಹೇಳಿಬಿಟ್ಟರು: "ಇಲ್ರಿ, ಇವಳಿಗೆ ಹಾಡು ಬರಲ್ಲ. ಹಾಡೆಲ್ಲ ನಮ್ಮ ಪ್ರೇಮಂದು. ಇವಳು ಕೆಲಸಕ್ಕೆ ಗಟ್ಟಿ." ಅವರಿಗೆ ಜಗಳೂರಿನ ಭಯ. ಹೊನ್ನಾಳಿಯಿಂದ ಜಗಳೂರಿಗೆ ಮಾತು ಹೋಗಲು ಎಷ್ಟು ಹೊತ್ತು ಬೇಕು? ಅಪ್ಪ ನೆಲ ನೋಡಿದರು. ನಾನು ಕಾಫಿ ತಂದುಕೊಟ್ಟೆ. ಒಪ್ಪಿದರು.

ಹೀಗೆ ನಾನು ಹಾಡು ಬಾರದವಳಾಗಿ ಈ ಮನೆಗೆ ಬಂದಿದ್ದೇನೆ. ಇವರು ಒಳ್ಳೆಯವರು, ಆದರೆ ಇವರಿಗೆ ಹೆಂಡತಿ ಎಂದರೆ ಮದುವೆಯ ದಿನ ಹೇಳಿದ್ದಷ್ಟೇ. ಒಂದು ದಿನ ರೊಟ್ಟಿ ಬಡಿಯುತ್ತಾ ಮೈಮರೆತು ಹಾಡಿಬಿಟ್ಟೆ. ನಾದಿನಿಯ ಮಗುವನ್ನು ತೂಗುತ್ತಿದ್ದ ಅತ್ತೆ ಹೊರಗಿನಿಂದ ಕೂಗಿ "ಆ ರೇಡಿಯೋ ಸಣ್ಣಗೆ ಮಾಡೇ, ಮಗು ಮಲಗೈತೆ" ಎಂದರು. ಸಣ್ಣಗೆ ಮಾಡಿದೆ.

ನಿನಗೆ ಹಾಡು ಬೇಕು. ಕೊಡಬಾರದು ಎಂದು ಎರಡು ವಾರ ಹಟ ಹಿಡಿದೆ. ಆಮೇಲೆ ಯೋಚಿಸಿದೆ, ಇದು ನನ್ನ ಬಾಯಿಂದ ಬರುವ ಹಾಗಿಲ್ಲ, ನನ್ನ ಜೊತೆಗೇ ಕೊಳೆಯುವುದಕ್ಕಿಂತ ಎಲ್ಲಾದರೂ ಇರಲಿ. ಇದು ನಿನ್ನ ಮೇಲಿನ ಪ್ರೀತಿಯಿಂದಲ್ಲ, ಹಾಡಿನ ಮೇಲಿನ ಆಸೆಯಿಂದ. ತಪ್ಪು ತಿಳಿಯಬೇಡ.

ಸ್ವರ ಹಾಕಿದ ಹಾಳೆ ಜೊತೆಗಿಟ್ಟಿದ್ದೇನೆ. ಆದರೆ ಹಾಳೆಯಲ್ಲಿಲ್ಲದ್ದು ಒಂದಿದೆ, ಅದನ್ನು ಇಲ್ಲಿ ಬರೆಯುತ್ತೇನೆ. ಹಾರ್ಮೋನಿಯಂ ನಂಬಬೇಡ. ಅದರಲ್ಲಿ ಗಾಂಧಾರ ಒಂದು ಕಡೆ, ಮಧ್ಯಮ ಒಂದು ಕಡೆ, ನಡುವೆ ಏನೂ ಇಲ್ಲ. ಭೀಮಪಲಾಸ್ ಇರುವುದೇ ಆ ನಡುವೆ. ಮಧ್ಯಮದ ಮೇಲೆ ನಿಲ್ಲು. ಬಿಟ್ಟು ಬರಲು ಮನಸ್ಸಿಲ್ಲದವಳ ಹಾಗೆ ನಿಧಾನ ಗಾಂಧಾರಕ್ಕೆ ಜಾರು. ಮುಟ್ಟಿದ ಮೇಲೆ ಒಂದೇ ಒಂದು ಸಲ ಮಧ್ಯಮವನ್ನು ತಿರುಗಿ ನೋಡು, ಆಮೇಲೆ ಕೆಳಗಿಳಿ. ಮೇಡಂ ಹೇಳಿಕೊಟ್ಟದ್ದಲ್ಲ ಇದು. ಪಾಠ ಮುಗಿದ ಮೇಲೆ ಆ ಪಿಯಾನೋ ಕೋಣೆಯಲ್ಲಿ ಒಬ್ಬಳೇ ಹಾಡುತ್ತಾ ನಾನೇ ಕಂಡುಕೊಂಡದ್ದು. ಮೇಡಂ ಕೇಳಿ "ಇದು ನಿನ್ನದು, ಇಟ್ಟುಕೋ" ಎಂದಿದ್ದರು. ನಾನು ಇಟ್ಟುಕೊಂಡು ಏನು ಮಾಡಲಿ?

ಬರದಿದ್ದರೆ ಮತ್ತೆ ಬರೆ. ಇನ್ನೊಂದು ಥರ ವಿವರಿಸುತ್ತೇನೆ.

ಕಸ್ತೂರಿ


ಜಗಳೂರು
19-7-1981

ಪ್ರೀತಿಯ ಕಸ್ತೂರಿ,

ಈ ನಾಲ್ಕು ವರ್ಷ ನೀನು ಪತ್ರದಲ್ಲೇ ಎಷ್ಟು ಕಲಿಸಿದೆ! ನಿನ್ನ ಪತ್ರಗಳನ್ನು ಓದಿದ ಮೇಲೆ ಒಲೆಗೆ ಹಾಕಿದ್ದೇನೆ, ಆ ಭಯ ಬೇಡ. ಎಲ್ಲ ಈಗ ಗಂಟಲಿನಲ್ಲಿದೆ.

ಹೇಗೆ ಬರೆಯಲಿ ಎಂದು ತಿಳಿಯದೆ ಎರಡು ಇನ್‌ಲ್ಯಾಂಡ್ ಹರಿದು ಹಾಕಿದೆ. ಬೇರೆ ಯಾರ ಬಾಯಿಂದಲೋ ನಿನಗೆ ತಿಳಿಯುವುದು ಬೇಡ. ನಾನು ಭದ್ರಾವತಿ ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಪಾಸಾದೆ. ಅರ್ಜಿ ಹಾಕಿಸಿದವರು ಮಾವನವರೇ. ಮೊದಲು ನಾನು ಬೇಡವೆಂದೆ, ಮೈಕಿನ ಮುಂದೆ ಹಾಡುವುದು ನಿಮಗೆ ಸೇರುವುದಿಲ್ಲವಲ್ಲ ಎಂದೆ. ಅದಕ್ಕವರು ಏನೆಂದರು ಗೊತ್ತೇ? "ರೇಡಿಯೋ ಅಂದ್ರೂ ನಡುಮನೆನೇ ಕಣಮ್ಮ. ದನಿ ಹೊರಕ್ಕೆ ಹೋಗ್ತೈತೆ, ಹೆಣ್ಮಗಳು ಒಳಗಿರ್ತಾಳೆ."

ಆಗಸ್ಟ್ ಎಂಟಕ್ಕೆ ಸಂಜೆ ಭಕ್ತಿಗೀತೆಯಲ್ಲಿ ಬರುತ್ತದೆ. ಆ ಹಾಡೇ. ಬೇರೆ ಹಾಡೋಣವೆಂದಿದ್ದೆ, ಆದರೆ ಅದರಷ್ಟು ಚೆನ್ನಾಗಿ ನನಗೆ ಬೇರೆ ಯಾವುದೂ ಬರುವುದಿಲ್ಲ. ನೀನು ಹೇಗೂ ಬಿಟ್ಟೆಯಲ್ಲ. ಬಿಟ್ಟದ್ದು ಹಾಳಾಗಲಿಲ್ಲ ಎಂದು ನಿನಗೂ ಸಮಾಧಾನವಾದೀತು ಎಂದುಕೊಂಡಿದ್ದೇನೆ. ಸಿಟ್ಟಾಗಬೇಡ.

ನಿನ್ನ ಅಕ್ಕ,
ಪ್ರೇಮಾ


ಹೊನ್ನಾಳಿ
10-8-1981

ಪ್ರೇಮಕ್ಕ,

ಕೇಳಿದೆ. ನಾನೊಬ್ಬಳೇ ಅಲ್ಲ, ಮನೆಯವರೆಲ್ಲ ಕೂತು ಕೇಳಿದರು. ಇವರು ಅಂಗಡಿಯಿಂದ ಬೇಗ ಬಂದಿದ್ದರು. ನಮ್ಮ ಹೆಂಡತಿಯ ಅಕ್ಕ ರೇಡಿಯೋದಲ್ಲಿ ಹಾಡುತ್ತಾರೆ ಎಂದು ಬಸ್ ಸ್ಟ್ಯಾಂಡಿನವರಿಗೆಲ್ಲ ಹೇಳಿದ್ದರಂತೆ.

ಹಾಡಿಗೆ ಮೊದಲು, ಭಾವನ ಹೆಸರು ಸೇರಿಸಿ ಪ್ರೇಮಾ ರುದ್ರೇಶಪ್ಪ ಎಂದು ನಿನ್ನನ್ನು ಯಾರೋ ಮಾತಾಡಿಸಿದರಲ್ಲ. ಎಲ್ಲಿ ಕಲಿತಿರಿ ಎಂದಾಗ ಕಾಲೇಜಿನ ಹೆಸರು ಹೇಳಿದೆ, ಪಿಯಾನೋ ಕಲಿತದ್ದನ್ನು ಹೇಳಿದೆ. ಚೆನ್ನಾಗಿತ್ತು. ಗುರುಗಳು ಯಾರು ಎಂದು ಕೇಳಿದರು. ನನ್ನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಆಮೇಲೆ ನೀನು "ಎಲ್ಲ ನಮ್ಮ ಮಾವನವರ ಆಶೀರ್ವಾದ" ಎಂದೆ. ನನ್ನ ಹೆಸರು ಹೇಳು ಎಂದು ನಾನು ಕೇಳುತ್ತಿರಲಿಲ್ಲ ಅಕ್ಕ. ಕಾಲೇಜಿನಲ್ಲಿ ಜೊತೆಗೊಬ್ಬಳು ತಂಗಿ ಓದಿದಳು ಎಂದರೂ ಸಾಕಿತ್ತು.

ಆಮೇಲೆ ಹಾಡಿದೆ. ದನಿ ನಿನ್ನದು, ಹೌದು, ನನಗಿಂತ ತೆಳು. ಆದರೆ ಮಧ್ಯಮದಿಂದ ಜಾರಿ ಗಾಂಧಾರ ಮುಟ್ಟಿ ತಿರುಗಿ ನೋಡಿದೆಯಲ್ಲ, ಅದು ನನ್ನದು. ಅಷ್ಟು ಸರಿಯಾಗಿ ಬಂತು. ನಿನ್ನ ಮೇಲೆ ಸಿಟ್ಟು ಬರುವ ಮೊದಲು ನನಗೆ ಹೆಮ್ಮೆ ಬಂತು, ಅದಕ್ಕೇ ನನ್ನ ಮೇಲೆ ನನಗೆ ಇನ್ನೂ ಸಿಟ್ಟು ಬಂತು. ಅತ್ತೆ ರೇಡಿಯೋ ಆರಿಸಿ "ಒಂದೇ ಮನೆತನ, ನಿಂಗ್ಯಾಕೆ ಒಂಚೂರೂ ಬರಲಿಲ್ಲ?" ಎಂದರು. ಅಣಕವಲ್ಲ, ಪಾಪ, ಮರುಕದಿಂದಲೇ ಕೇಳಿದರು.

ಹೊಟ್ಟೆ ಉರಿಯಿತು ಅಕ್ಕ. ಮುಚ್ಚುಮರೆ ಏಕೆ, ಇವತ್ತಿಗೂ ಉರಿಯುತ್ತಿದೆ.

ಆದರೆ ಒಂದು ಲಾಭವಾಯಿತು. ಈಗ ನಿನಗೆ ನನ್ನಿಂದ ಅಪಾಯವಿಲ್ಲ. ನಿನ್ನ ದನಿಯನ್ನು ಊರೇ ಒಪ್ಪಿದೆ. ಇನ್ನು ನಾನು ಹಾಡಬಹುದು. ದಸರೆಯಲ್ಲಿ ಇಲ್ಲಿಯ ಮಹಿಳಾ ಸಮಾಜದವರು ಭಕ್ತಿಗೀತೆಯ ಸ್ಪರ್ಧೆ ಇಟ್ಟಿದ್ದಾರೆ. ಹೆಸರು ಕೊಡುತ್ತೇನೆ. ಏಳು ವರ್ಷದ ಮೇಲೆ ಬಾಯಿ ತೆರೆಯುತ್ತೇನೆ, ಯಾರ ನಡುಮನೆಯಲ್ಲೂ ಅಲ್ಲ, ಎದುರಿಗೆ ನಿಂತು. ಹಾಡುವುದು ಅದನ್ನೇ.

ಕಸ್ತೂರಿ


ಜಗಳೂರು
1-9-1981

ಪ್ರೀತಿಯ ಕಸ್ತೂರಿ,

ನಿನ್ನ ಪತ್ರ ಓದಿ ಅತ್ತುಬಿಟ್ಟೆ. ಗುರುಗಳು ಯಾರೆಂದು ರೇಡಿಯೋದವರು ಕೇಳಿದಾಗ ನಿನ್ನ ಹೆಸರು ನಾಲಿಗೆ ತುದಿಗೆ ಬಂದಿತ್ತು. ಮಾವನವರು ಗಾಜಿನ ಆಚೆ ಕೂತಿದ್ದರು, ಏನು ಮಾಡಲಿ?

ಖಂಡಿತ ಹಾಡು. ನನಗೆ ಸಂತೋಷವೇ. ಆದರೆ ಒಂದು ಮಾತು, ಅಕ್ಕನಾಗಿ ಹೇಳುತ್ತೇನೆ. ಆ ಹಾಡು ಬೇಡ. ಅದು ಈಗ ಜನರಿಗೆ ನನ್ನದೆಂದು ಗೊತ್ತಾಗಿಬಿಟ್ಟಿದೆ, ಮತ್ತೆ ಎರಡು ಸಲ ಹಾಕಿದರು. ನೀನು ಹಾಡಿದರೆ ಸುಮ್ಮನೆ ಹೋಲಿಕೆ ಬರುತ್ತದೆ, ನಿನಗೇ ಬೇಜಾರಾಗುತ್ತದೆ.

ನಿನ್ನ ಅಕ್ಕ,
ಪ್ರೇಮಾ


ಹೊನ್ನಾಳಿ
12-10-1981

ಪ್ರೇಮಕ್ಕ,

ನೀನು ಬೇಡವೆಂದ ಹಾಡನ್ನೇ ಹಾಡಿದೆ.

ಶಾಲೆಯ ಹಾಲಿನಲ್ಲಿ ಜನ ತುಂಬಿದ್ದರು. ಇವರನ್ನೂ ಅತ್ತೆಯನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಏಕೆ ಬರಬೇಕೆಂದು ಹೇಳಿರಲಿಲ್ಲ. ನನ್ನ ಹೆಸರು ಕರೆದಾಗ ಇವರು ಬೇರೆ ಯಾವ ಕಸ್ತೂರಮ್ಮ ಎಂದು ಹಿಂದೆ ತಿರುಗಿ ನೋಡಿದರು. ಮೊದಲ ಸಾಲಿಗೆ ಷಡ್ಜ ನಿಲ್ಲಲಿಲ್ಲ. ಎರಡನೆಯದಕ್ಕೆ ಎಲ್ಲವೂ ಬಂತು ಅಕ್ಕ. ಕಾಲೇಜಿನಲ್ಲಿ ಹಾಡುತ್ತಿದ್ದುದಕ್ಕಿಂತ ಚೆನ್ನಾಗಿ ಬಂತು. ಮಧ್ಯಮದ ಮೇಲೆ ನಿಂತಾಗ ಹಾಲಿನಲ್ಲಿ ಒಂದು ಮಗುವೂ ಅಳಲಿಲ್ಲ. ಮುಗಿದ ಮೇಲೆ ಚಪ್ಪಾಳೆ ತಟ್ಟಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟಕ್ಕೇ ಅಲ್ಲಿಂದ ಎದ್ದು ಮನೆಗೆ ಬಂದುಬಿಡಬೇಕಿತ್ತು.

ತೀರ್ಪು ಹೇಳಲು ಶಿವಮೊಗ್ಗದಿಂದ ಒಬ್ಬರು ಬಂದಿದ್ದರು, ತಿಳಿದವರು. ನನಗೆ ಸಮಾಧಾನಕರ ಬಹುಮಾನ ಬಂತು, ಒಂದು ಸ್ಟೀಲ್ ಡಬ್ಬಿ. ಅದನ್ನು ಕೈಗೆ ಕೊಡುತ್ತಾ ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ತಾಯಿ ಜಗಳೂರಿನ ಪ್ರೇಮಾ ರುದ್ರೇಶಪ್ಪನವರನ್ನು ರೇಡಿಯೋದಲ್ಲಿ ತುಂಬ ಶ್ರದ್ಧೆಯಿಂದ ಕೇಳಿದ್ದಾರೆ. ಅವರ ಆ ಗಾಂಧಾರವನ್ನೂ ಬಿಟ್ಟಿಲ್ಲ. ಅನುಕರಣೆ ಚೆನ್ನಾಗಿದೆ. ಆದರೆ ಎಷ್ಟಾದರೂ ಅನುಕರಣೆ. ಸ್ವಂತದ್ದು ಏನಾದರೂ ಬೆಳೆಸಿಕೊಳ್ಳಬೇಕು." ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದು ಕೆಳಗಿಳಿದೆ.

ಅಲ್ಲೇ ಕೂಗಿ ಹೇಳಬಹುದಿತ್ತು. ನಂಬುವವರು ಯಾರು? ಹಾಡು ಬರುವುದಿಲ್ಲವೆಂದು ಹಿರಿಯರೇ ಹೇಳಿ ಕೊಟ್ಟ ಹೆಣ್ಣು ನಾನು. ನಿನ್ನದಾದರೆ ರೇಡಿಯೋದಲ್ಲಿ ಬಂದದ್ದು. ಇನ್ನು ನನ್ನ ಪತ್ರಗಳು, ಅವು ನಿನ್ನ ಒಲೆಗೆ ಹೋಗಿವೆ.

ಇವರಿಗೆ ಎಷ್ಟು ಸಂತೋಷವಾಗಿದೆ ಎಂದರೆ ಹೇಳಲಾಗದು. ದಾರಿಯುದ್ದಕ್ಕೂ ಡಬ್ಬಿಯನ್ನು ಇವರೇ ಹಿಡಿದುಕೊಂಡು ಬಂದರು. "ಬರೀ ರೇಡಿಯೋ ಕೇಳಿ ಇಷ್ಟು ಕಲ್ತೀಯ ಅಂದ್ರೆ, ಎದುರಿಗೆ ಕುಂತು ಕಲ್ತರೆ ಹೆಂಗಿರಬ್ಯಾಡ! ನಿಮ್ಮಕ್ಕ ಅದಾರಲ್ಲ, ಜಗಳೂರಿಗೆ ಹೋಗಿ ಒಂದು ತಿಂಗಳು ಇದ್ದು ಕಲ್ತು ಬಾ. ನಾನೇ ಬಸ್ ಹತ್ತಿಸ್ತೀನಿ," ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗೋಸ್ಕರ ಇವರು ಇಷ್ಟು ಉತ್ಸಾಹದಿಂದ ಏನನ್ನೂ ಹೇಳಿದವರಲ್ಲ. ಬೇಡ ಎನ್ನಲು ನನಗೆ ಯಾವ ಕಾರಣವೂ ಸಿಗಲಿಲ್ಲ.

ಈ ಪತ್ರ ಬರೆಯಲು ಹೇಳಿ ಎದುರಿಗೇ ಕೂತಿದ್ದಾರೆ. ಇನ್‌ಲ್ಯಾಂಡ್ ಅನ್ನೂ ತಾವೇ ತಂದರು. ಕೇಳಿದೆಯಾ, ಕೇಳಿದೆಯಾ ಎನ್ನುತ್ತಿದ್ದಾರೆ. ಕೇಳುತ್ತಿದ್ದೇನೆ.

ನನಗೆ ಹಾಡು ಕಲಿಸುತ್ತೀಯಾ, ಅಕ್ಕ?

ನಿನ್ನ ತಂಗಿ,
ಕಸ್ತೂರಿ